ಕಿಲ್ಲಾರಿ ಭೂಕಂಪ: ನಾವು ಕಲಿಸಿದ ಪಾಠ, ನಾವು ಕಲಿತ ಪಾಠ

ಗಡಿನಾಡಿನ ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ ಶಿಲಾಶಾಸನಗಳ, ಮಠಮಾನ್ಯಗಳ, ಸಂಸ್ಥಾನಗಳ, ಕನ್ನಡ ಶಾಲೆಗಳ ಇತಿಹಾಸವನ್ನು ಓದುತ್ತ ಬಂದಿದ್ದೇವೆ. ಇವೆಲ್ಲವೂ ನೆಲದ ಮೇಲೆ ನಡೆದ ಇತಿಹಾಸ. ನಮ್ಮ ಕಾಲಡಿಯ ನೆಲಕ್ಕೂ ತನ್ನದೇ ಆದ ಇತಿಹಾಸವಿದೆಯೆಂಬುದು ಸೊಲ್ಲಾಪುರ, ಅಕ್ಕಲಕೋಟ, ಉಮರಗಾ ಸೀಮೆಯ ಜನರಿಗೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅರಿವಾಯಿತು. ಆ ದಿನವನ್ನು ಕಂಡ ನಾವು ಈಗ ವೃದ್ಧರಾಗಿದ್ದೇವೆ; ಅನಂತರ ಹುಟ್ಟಿದವರಿಗೆ ಅದು ಹಿರಿಯರು ಹೇಳುವ ಕಥೆ ಮಾತ್ರ. ಆದುದರಿಂದ ಕಂಡದ್ದನ್ನೂ ಅನಂತರ ಓದಿ ತಿಳಿದದ್ದನ್ನೂ ಕೂಡಿಸಿ ಬರೆದಿಡುವುದು ಅಧ್ಯಾಪಕ ವೃತ್ತಿಯಲ್ಲಿದ್ದ ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಈ ಬರವಣಿಗೆಯಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಸೇರಿದೆ.

ಆಗ ನಾವು ಅಕ್ಕಲಕೋಟ ತಾಲ್ಲೂಕಿನ ಒಂದು ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆವು. ದಖನ್ ಪ್ರಸ್ಥಭೂಮಿಯು ಅತ್ಯಂತ ಪ್ರಾಚೀನವೂ ಗಟ್ಟಿಯೂ ಆದ ಭೂಭಾಗ, ಭೂಕಂಪಗಳು ಹಿಮಾಲಯದ ಕಡೆಗೆ ಆಗತಕ್ಕವು ಎಂದು ವರ್ಷವರ್ಷವೂ ಹೇಳಿ ಬರೆಸುತ್ತಿದ್ದೆವು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ಭೂಕಂಪವಾದಾಗ ನಮ್ಮ ಅಡುಗೆ ಮನೆಯ ಹಲಗೆಯ ಮೇಲಿನ ಹಿತ್ತಾಳೆ ಪಾತ್ರೆಗಳು ಸದ್ದು ಮಾಡಿದ್ದು ನೆನಪಿನಲ್ಲಿತ್ತು. ಆದರೆ ಅದು ಅಣೆಕಟ್ಟಿನ ನೀರಿನ ಭಾರದಿಂದ ಆದದ್ದು, ನಮ್ಮಂಥ ಬಯಲುಸೀಮೆಗೆ ಸಂಬಂಧಿಸಿದ್ದಲ್ಲ ಎಂದು ಸಮಾಧಾನ ತಂದುಕೊಂಡಿದ್ದೆವು.

1992ರ ದೀಪಾವಳಿ ರಜೆ ಮುಗಿದು ಶಾಲೆ ತೆರೆದಾಗ ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಗುರುಜಿ, ನಮ್ಮಕ್ಕನ ಊರಾಗ ನೆಲದಾಗಿಂದ ಗುಡುಗಿದಂಗ ಸಪ್ಪಳ ಬರ್ತೈತ್ರಿ. ಮಂದಿ ಹೊರಗ ಮಲಗ್ಯಾರ್ರಿ. ಭೂಕಂಪ ಆಗ್ತೈತೇನ್ರಿ?" ಆಕೆಯ ಅಕ್ಕನನ್ನು ಕೊಟ್ಟದ್ದು ಕಿಲ್ಲಾರಿಯ ಸಮೀಪದ ಊರಿಗೆ. ನಾವು ಕಪ್ಪುಹಲಗೆಯ ಮೇಲೆ ಭಾರತದ ನಕ್ಷೆ ಬರೆದು, ಹಿಮಾಲಯವನ್ನು ತೋರಿಸಿ, "ನಮ್ಮ ಕಡೆ ಆಗೂದಿಲ್ಲವ್ವಾ, ಹೆದರಬ್ಯಾಡ" ಎಂದು ಕೂಡಿಸಿದೆವು. ಆ ಉತ್ತರಕ್ಕೆ ಇನ್ನು ಹತ್ತು ತಿಂಗಳು ಆಯುಷ್ಯವಿತ್ತು.

ಲಾತೂರು ಜಿಲ್ಲೆಯ ಔಸಾ ತಾಲ್ಲೂಕಿನ ಕಿಲ್ಲಾರಿ ನಮ್ಮ ಅಕ್ಕಲಕೋಟಕ್ಕೆ ನೇರವಾಗಿ ಅಳೆದರೆ ಸುಮಾರು 75 ಕಿ.ಮೀ. ದೂರ. ಸೆಪ್ಟೆಂಬರ್ 29 ಅನಂತ ಚತುರ್ದಶಿ. ಊರೂರುಗಳಲ್ಲಿ ಗಣಪತಿಯನ್ನು ನೀರಿಗೆ ಬಿಟ್ಟು, ತಡರಾತ್ರಿ ಮನೆ ಸೇರಿದ ಜನ ಗಾಢ ನಿದ್ರೆಯಲ್ಲಿದ್ದರು. 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ನಮ್ಮ ಊರಿನಲ್ಲಿ ಮೊದಲು ಭಾರವಾದ ಲಾರಿ ಹಾದಂತೆ ಸದ್ದು. ಹತ್ತು ಎಣಿಸುವಷ್ಟರಲ್ಲಿ ಮಂಚ ಅಲುಗಾಡಿತು, ಜಂತಿಗಳ ಸಂದಿನಿಂದ ಮಣ್ಣು ಉದುರಿತು. ಎಲ್ಲರೂ ಓಣಿಗೆ ಬಂದು ನಿಂತೆವು. ಬೆಳಗಿನ ರೇಡಿಯೊ ಕೇಳಿದ ಮೇಲೆಯೇ ಆ ಅಲುಗಾಟ ಎಲ್ಲಿಂದ ಬಂದಿತ್ತೆಂಬುದು ತಿಳಿದದ್ದು.

ಕಿಲ್ಲಾರಿ, ಸಾಸ್ತೂರ, ಹೋಳಿ, ತಳಣಿ, ಮಂಗರೂಳ ಮೊದಲಾದ ಊರುಗಳು ಕಲ್ಲುಮಣ್ಣಿನ ರಾಶಿಯಾಗಿದ್ದವು. ಲಾತೂರು ಮತ್ತು ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಗಳಲ್ಲಿ ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪಕ್ಕೆ ಹೋಯಿತು. ಅನಂತರದ ಮಳೆಯು ಹೆಣಗಳನ್ನು ಹೊರತೆಗೆಯುವ ಕೆಲಸವನ್ನೂ ಕಠಿಣಗೊಳಿಸಿತು. ಉಮರಗಾ, ನಿಲಂಗಾ ಕಡೆಗೆ ಹೆಣ್ಣು ಕೊಟ್ಟು ತಂದ ನಮ್ಮ ಭಾಗದ ಮನೆಗಳಲ್ಲಿ ಆ ವಾರವೆಲ್ಲ ಅಳುವಿನ ಸದ್ದು. ನಮ್ಮ ವಿದ್ಯಾರ್ಥಿನಿಯ ಅಕ್ಕ ಮರದ ಕಂಬಗಳಿದ್ದ ಪಡಸಾಲೆಯಲ್ಲಿ ಮಲಗಿದ್ದಳು. ಗೋಡೆ ಹೊರಕ್ಕೆ ಉರುಳಿದರೂ ಕಂಬಗಳು ಮಾಳಿಗೆಯನ್ನು ಹಿಡಿದುಕೊಂಡವು, ಆಕೆ ಬದುಕಿದಳು. ಗೋಡೆಯ ಮೇಲೆಯೇ ಜಂತಿಗಳನ್ನು ಊರಿದ್ದ ಒಳಕೋಣೆಯಲ್ಲಿದ್ದ ಅತ್ತೆಯೂ ಎರಡು ವರ್ಷದ ಮಗುವೂ ಉಳಿಯಲಿಲ್ಲ.

ಗಟ್ಟಿ ನೆಲವೆಂದು ನಾವು ಕಲಿಸಿದ ನೆಲ ಏಕೆ ನಡುಗಿತು? ನಮ್ಮ ಸೀಮೆಯ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದಿಂದ ಆದದ್ದು. ಭೂಕಂಪದ ಅನಂತರ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಕಿಲ್ಲಾರಿಯಲ್ಲಿ ಆಳವಾದ ರಂಧ್ರ ಕೊರೆಸಿ ನೋಡಿದಾಗ, ಅಲ್ಲಿ ಈ ಕರಿಗಲ್ಲಿನ ಹೊದಿಕೆ ಸುಮಾರು 340 ಮೀಟರ್ ಮಾತ್ರ ದಪ್ಪವಿರುವುದು ಗೊತ್ತಾಯಿತು. ಅದರ ಅಡಿಯಲ್ಲಿ ಇರುವುದು ಇನ್ನೂ ಎಷ್ಟೋ ಪಾಲು ಪುರಾತನವಾದ ಬಂಡೆ. ಅದರಲ್ಲಿ ಹಳೆಯ ಬಿರುಕುಗಳಿವೆ. ಮೇಲಿನ ಹೊದಿಕೆಯಿಂದಾಗಿ ಅವು ಕಣ್ಣಿಗೆ ಕಾಣುವುದಿಲ್ಲ.

ಭಾರತದ ಭೂಫಲಕವು ವರ್ಷಕ್ಕೆ ಸುಮಾರು 5 ಸೆಂ.ಮೀ. ವೇಗದಲ್ಲಿ ಉತ್ತರಕ್ಕೆ ಸರಿಯುತ್ತ ಏಶಿಯಾ ಖಂಡವನ್ನು ಒತ್ತುತ್ತಿದೆ. ಮುಂದುಗಡೆಯ ಒತ್ತಡದಿಂದ ಹಿಮಾಲಯ ಏಳುತ್ತಿದೆ. ಆ ಒತ್ತಡ ಅಲ್ಲಿಗೇ ನಿಲ್ಲದೆ ಫಲಕದ ಒಡಲಿಗೂ ವ್ಯಾಪಿಸುತ್ತದೆ. ತುಂಬಿದ ಬಂಡಿಯ ಮುಂದಿನ ಗಾಲಿ ಕಲ್ಲಿಗೆ ತಡೆದಾಗ ಹಿಂದಿನ ಹಲಗೆಯೂ ಕಿರುಗುಟ್ಟುವುದನ್ನು ರೈತರು ಬಲ್ಲರು. ಹಾಗೆಯೇ ಹಳೆಯ ಬಿರುಕಿನ ಎರಡು ಪಕ್ಕಗಳು ಸಾವಿರಾರು ವರ್ಷ ಒತ್ತಡವನ್ನು ತಾಳಿಕೊಂಡು, ತಾಳಲಾರದ ಒಂದು ಗಳಿಗೆಯಲ್ಲಿ ಜಾರುತ್ತವೆ. ಕಿಲ್ಲಾರಿಯಲ್ಲಿ ಕೆಲವೇ ಕಿ.ಮೀ. ಆಳದಲ್ಲಿ ಒಂದು ಪಕ್ಕ ಇನ್ನೊಂದರ ಮೇಲೆ ಏರಿತು. ಹೊಲಗಳಲ್ಲಿ ನೆಲ ಉಬ್ಬಿ ಬಿರಿದ ಗುರುತು ಮೂಡಿತು. ಆಳ ಕಡಿಮೆಯಿದ್ದುದರಿಂದ ಮೇಲಿನ ಊರುಗಳಿಗೆ ಪೆಟ್ಟು ಹೆಚ್ಚು ಬಿದ್ದಿತು.

ನಮ್ಮ ಊರಿನಲ್ಲಿ ಮೊದಲು ಸದ್ದು, ಅನಂತರ ಅಲುಗಾಟ ಆದುದಕ್ಕೂ ಕಾರಣವಿದೆ. ಭೂಕಂಪದಿಂದ ಎರಡು ಬಗೆಯ ಅಲೆಗಳು ಒಮ್ಮೆಗೇ ಹೊರಡುತ್ತವೆ. ಮೊದಲನೆಯದು ಸೆಕೆಂಡಿಗೆ ಸುಮಾರು 6 ಕಿ.ಮೀ., ಎರಡನೆಯದು ಸುಮಾರು 3.5 ಕಿ.ಮೀ. ಸಾಗುತ್ತದೆ. ಹೆಚ್ಚು ಹಾನಿ ಮಾಡುವುದು ಎರಡನೆಯದು. 75 ಕಿ.ಮೀ. ದೂರದಲ್ಲಿ ಇವೆರಡರ ನಡುವೆ ಸುಮಾರು ಒಂಬತ್ತು ಸೆಕೆಂಡುಗಳ ಅಂತರ ದೊರೆಯುತ್ತದೆ. ಮಿಂಚಿಗೂ ಗುಡುಗಿಗೂ ಇರುವ ಅಂತರದಿಂದ ಸಿಡಿಲು ಎಷ್ಟು ದೂರವೆಂದು ಎಣಿಸುವಂತೆ, ಈ ಅಂತರದಿಂದಲೇ ವಿಜ್ಞಾನಿಗಳು ಭೂಕಂಪದ ದೂರವನ್ನು ಲೆಕ್ಕ ಹಾಕುತ್ತಾರೆ. ಈ ಎರಡು ಅಲೆಗಳನ್ನು ದಾಖಲೆಗಳಲ್ಲಿ ಬೇರೆಬೇರೆಯಾಗಿ ಗುರುತಿಸಿದವರು ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಆರ್. ಡಿ. ಓಲ್ಡಹ್ಯಾಮ್, ಅದಕ್ಕೆ ಆಧಾರವಾದದ್ದು 1897ರ ಅಸ್ಸಾಮಿನ ಮಹಾಭೂಕಂಪ. ಕಿಲ್ಲಾರಿಯಲ್ಲಿ ಮಲಗಿದ್ದವರಿಗೆ ಮಾತ್ರ ಈ ಒಂಬತ್ತು ಸೆಕೆಂಡೂ ದೊರೆಯಲಿಲ್ಲ.

ಇನ್ನು ಭೂಕಂಪದ ಅಳತೆಯ ವಿಷಯ. 1935ರಲ್ಲಿ ಚಾರ್ಲ್ಸ್ ರಿಕ್ಟರ್ ರೂಪಿಸಿದ ಮಾಪನದಿಂದ ಬೆಳೆದು ಬಂದ ಪ್ರಮಾಣಾಂಕವು ಭೂಕಂಪವೊಂದಕ್ಕೆ ಒಂದೇ. ಅಂಕ ಒಂದು ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 1992ರ ಅಕ್ಟೋಬರ್–ನವೆಂಬರಿನಲ್ಲಿ ಕಿಲ್ಲಾರಿಯಲ್ಲಿ ಆದ ಕಂಪನಗಳಲ್ಲಿ ದೊಡ್ಡದು ಸುಮಾರು 4ರ ಪ್ರಮಾಣದ್ದು, 1993ರದು 6.2. ಅಂಕಗಳ ಅಂತರ ಎರಡೇ ಎಂದು ಕಂಡರೂ ಶಕ್ತಿಯ ಅಂತರ ಸುಮಾರು ಎರಡು ಸಾವಿರ ಪಟ್ಟು. ಒಂದೊಂದು ಊರಿನಲ್ಲಿ ಆದ ನಡುಕ ಮತ್ತು ಹಾನಿಯನ್ನು ಅಳೆಯುವ ತೀವ್ರತೆ ಬೇರೆಯದು. ಅದು ದೂರಕ್ಕೆ, ಮಣ್ಣಿಗೆ, ಮನೆಗೆ ತಕ್ಕಂತೆ ಬದಲಾಗುತ್ತದೆ. ದೀಪದ ಶಕ್ತಿ ಒಂದೇ ಇದ್ದರೂ ಕೋಣೆಯ ಮೂಲೆಮೂಲೆಗೆ ಬೀಳುವ ಬೆಳಕು ಬೇರೆಯಾಗುವಂತೆ.

ಜಗತ್ತಿನಲ್ಲಿ 6ರಿಂದ 7ರವರೆಗಿನ ಭೂಕಂಪಗಳು ಪ್ರತಿವರ್ಷವೂ ನೂರಕ್ಕೂ ಹೆಚ್ಚು ಆಗುತ್ತವೆ. ಅವುಗಳಲ್ಲಿ ಬಹುಪಾಲು ಯಾರ ಪ್ರಾಣವನ್ನೂ ತೆಗೆಯುವುದಿಲ್ಲ. ಕಿಲ್ಲಾರಿಯ ಜನರನ್ನು ಕೊಂದದ್ದು ಅವರ ಮನೆಗಳೇ. ಆ ಮನೆಗಳು ನಮ್ಮ ಮನೆಗಳಂಥವೇ. ಎರಡು ಮೂರು ಅಡಿ ದಪ್ಪದ ಗೋಡೆ. ಹೊರಗೊಂದು, ಒಳಗೊಂದು ಕಲ್ಲಿನ ಪದರ, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡು ಪದರಗಳನ್ನೂ ಹಿಡಿದು ಗೋಡೆಯ ಅಡ್ಡಗಲಕ್ಕೆ ಹಾಯುವ ಉದ್ದನೆಯ ಕಲ್ಲುಗಳಿಲ್ಲ. ಮೇಲೆ ಜಂತಿ, ಹಲಗೆ, ಅದರ ಮೇಲೆ ಮಣ್ಣಿನ ಮಾಳಿಗೆ. ಸೋರಿದಾಗಲೆಲ್ಲ ಹೊಸ ಮಣ್ಣು ಹಾಕುತ್ತ ಬಂದುದರಿಂದ ಮಾಳಿಗೆಯ ಭಾರ ತಲೆಮಾರಿನಿಂದ ತಲೆಮಾರಿಗೆ ಏರುತ್ತದೆ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ, ಕಳ್ಳಕಾಕರಿಗೆ ಅಭೇದ್ಯ ಎಂದು ಹಿರಿಯರು ವಿವೇಕದಿಂದಲೇ ಕಟ್ಟಿದ ಮನೆಗಳಿವು. ಆದರೆ ನೆಲ ಅಡ್ಡಡ್ಡ ಅಲುಗಿದಾಗ ಗೋಡೆಯ ಎರಡು ಪದರಗಳು ಬೇರ್ಪಟ್ಟವು, ಮಾಳಿಗೆ ಕುಸಿಯಿತು.

ಇಲ್ಲಿ ಇತಿಹಾಸದ ಒಂದು ದೊಡ್ಡ ಪಾಠವಿದೆ. ದೇಶದ ಭೂಕಂಪ ವಲಯಗಳ ನಕ್ಷೆಯು ಭಾರತೀಯ ಮಾನಕದ ಭಾಗವಾಗಿ 1962ರಿಂದ ಇದೆ. 1993ರಲ್ಲಿ ಜಾರಿಯಲ್ಲಿದ್ದ ನಕ್ಷೆಯ ಐದು ವಲಯಗಳಲ್ಲಿ ಕಿಲ್ಲಾರಿ ಇದ್ದದ್ದು ಒಂದನೆಯದರಲ್ಲಿ, ಅಂದರೆ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿ. ಅಂಥ ನಕ್ಷೆಗಳಿಗೆ ಮುಖ್ಯ ಆಧಾರ ಹಿಂದೆ ಆದ ಭೂಕಂಪಗಳ ದಾಖಲೆ. ನಮ್ಮ ಸೀಮೆಯಲ್ಲಿ ದಾಖಲೆಯೇ ವಿರಳ. ಓಲ್ಡಹ್ಯಾಮರ ತಂದೆ ಥಾಮಸ್ ಓಲ್ಡಹ್ಯಾಮ್ ಸಂಗ್ರಹಿಸಿದ, 1883ರಲ್ಲಿ ಪ್ರಕಟವಾದ ಭಾರತದ ಭೂಕಂಪಗಳ ಪಟ್ಟಿ ಇಂಥ ಮೊದಲ ಯತ್ನಗಳಲ್ಲಿ ಒಂದು. 1843ರ ಏಪ್ರಿಲ್ 1ರಂದು ಬಳ್ಳಾರಿಯ ಸುತ್ತ ಆದ ಭೂಕಂಪದಂಥ ಕೆಲವು ನಮೂದುಗಳು ಉಳಿದಿರುವುದು ಅಲ್ಲಿ ಬರೆದಿಡುವವರು ಇದ್ದುದರಿಂದ. ಸಾವಿರಾರು ವರ್ಷಗಳಿಗೊಮ್ಮೆ ಜಾರುವ ಬಿರುಕಿನ ಸುದ್ದಿಯನ್ನು ನೂರಿನ್ನೂರು ವರ್ಷಗಳ ಕಾಗದಪತ್ರ ಹೇಗೆ ಹೇಳೀತು? ದಾಖಲೆ ಇಲ್ಲವೆಂದರೆ ಘಟನೆಯೇ ಇಲ್ಲವೆಂದಲ್ಲ ಎಂಬುದನ್ನು ಶಾಸನಗಳ ಅಭ್ಯಾಸಿಗಳು ಚೆನ್ನಾಗಿ ಬಲ್ಲರು. ನೆಲದ ವಿಷಯದಲ್ಲಿ ನಾವದನ್ನು ಮರೆತಿದ್ದೆವು.

2002ರಲ್ಲಿ ನಕ್ಷೆ ಪರಿಷ್ಕಾರಗೊಂಡಾಗ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು. ಕಿಲ್ಲಾರಿ ಪ್ರದೇಶವಲ್ಲದೆ ಸೊಲ್ಲಾಪುರ, ಉಸ್ಮಾನಾಬಾದ್, ವಿಜಯಪುರಗಳೂ ಮೂರನೆಯ ವಲಯದಲ್ಲಿ ಕಾಣಿಸಿಕೊಂಡವು. ಭೂಕಂಪದ ಅಪಾಯವಿಲ್ಲವೆನ್ನಬಹುದಾದ ಜಾಗ ದೇಶದ ನಕ್ಷೆಯಲ್ಲಿ ಉಳಿಯಲಿಲ್ಲ.

ಆ ಅಕ್ಟೋಬರಿನಲ್ಲಿ ನಮ್ಮ ಊರಿನಲ್ಲಿ ದಿನಕ್ಕೊಂದು ವದಂತಿ. ಜ್ವಾಲಾಮುಖಿ ಏಳುವುದೆಂದರು; ಇಂಥ ರಾತ್ರಿ ಇಷ್ಟು ಗಂಟೆಗೆ ಮತ್ತೆ ನಡುಗುವುದೆಂದರು; ಆದಿಶೇಷ ಹೆಡೆ ಬದಲಿಸಿದನೆಂದರು. ಜನರನ್ನು ನಾವು ಹಳಿಯಲಾರೆವು. ತಿಳಿದವರು ಅವರ ಭಾಷೆಯಲ್ಲಿ ಹೇಳದಿದ್ದಾಗ ಆ ಬರಿದಾದ ಜಾಗವನ್ನು ವದಂತಿ ತುಂಬುತ್ತದೆ. ಸರಕಾರದ ಕರಪತ್ರಗಳು ಮರಾಠಿಯಲ್ಲಿ, ವಿಜ್ಞಾನಿಗಳ ವರದಿಗಳು ಇಂಗ್ಲಿಷಿನಲ್ಲಿ. ನಮ್ಮ ಮುದುಕಿಯರಿಗೆ ತಿಳಿಯುವ ಮಾತಿನಲ್ಲಿ ಹೇಳುವವರು ಯಾರು? ಇಂಥ ದಿನ ಇಂಥ ಗಂಟೆಗೆ ಭೂಕಂಪವಾಗುವುದೆಂದು ಹೇಳುವ ಶಕ್ತಿ ಇಂದಿಗೂ ಯಾವ ವಿಜ್ಞಾನಿಗೂ ಇಲ್ಲ, ಹೇಳುವವರನ್ನು ನಂಬಬಾರದು. ಸಣ್ಣ ಕಂಪನಗಳ ಅನಂತರ ದೊಡ್ಡದು ಬರಬಹುದು, ಬಾರದೆಯೂ ಇರಬಹುದು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಪದೇಪದೇ ನೆಲ ನಡುಗಿ, ಹಲವು ಕುಟುಂಬಗಳು ಊರು ತೊರೆದವು, ದೊಡ್ಡದು ಬರಲಿಲ್ಲ. ಅವರು ಹೆದರಿದ್ದು ತಪ್ಪಲ್ಲ. ಕಿಲ್ಲಾರಿಯ ನೆನಪು ಅವರ ಬೆನ್ನ ಹಿಂದೆ ಇತ್ತು.

ದಿನವನ್ನು ಹೇಳಲಾರದ ವಿಜ್ಞಾನ ಮನೆಯನ್ನು ಹೇಗೆ ಕಟ್ಟಬೇಕೆಂಬುದನ್ನು ಖಚಿತವಾಗಿ ಹೇಳುತ್ತದೆ. ಗೋಡೆಯಲ್ಲಿ ಅಲ್ಲಲ್ಲಿ ಅಡ್ಡಹಾಯುವ ಉದ್ದ ಕಲ್ಲು ಇಡಬೇಕು. ಮೂಲೆಗಳಲ್ಲಿ ಎರಡು ಗೋಡೆಗಳ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಳ್ಳಬೇಕು. ಬಾಗಿಲ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ತುಂಡಾಗದಂತೆ ಕಬ್ಬಿಣ ಸೇರಿದ ಕಾಂಕ್ರೀಟಿನ ಪಟ್ಟಿ ಹಾಕಬೇಕು. ಬುಟ್ಟಿಯ ಬಾಯಿಗೆ ಹೆಣೆದ ಅಂಚು ಬುಟ್ಟಿಯನ್ನು ಹಿಡಿದಿಡುವಂತೆ ಅದು ಗೋಡೆಗಳನ್ನು ಹಿಡಿದಿಡುತ್ತದೆ. ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಬೇಕು. ಜಂತಿಗಳಿಗೆ ಗೋಡೆಯಲ್ಲದೆ ಮರದ ಕಂಬಗಳ ಆಸರೆಯೂ ಇರಬೇಕು. ಭೂಕಂಪದ ಅನಂತರ 52 ಊರುಗಳನ್ನು ಹೊಸ ಜಾಗಗಳಲ್ಲಿ ಕಟ್ಟಲಾಯಿತು. ಸುತ್ತಲಿನ ಜಿಲ್ಲೆಗಳಲ್ಲಿ ಇದ್ದ ಮನೆಗಳನ್ನೇ ಬಲಪಡಿಸುವ ಕಾರ್ಯವೂ ನಡೆಯಿತು. ಆದರೆ ಅಂದು ಬೀಳದೆ ಉಳಿದ ಹಳೆಯ ಕಲ್ಲಿನ ಮನೆಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇವೆ. ಅವುಗಳಲ್ಲಿ ಜನ ಮಲಗುತ್ತಾರೆ.

ಆ ಹುಡುಗಿ ಹದಿನೈದು ದಿನ ಬಿಟ್ಟು ಶಾಲೆಗೆ ಬಂದಳು. ನಮ್ಮನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನಮಗೆ ಹಗುರಾಗುತ್ತಿತ್ತು. ಮರುವರ್ಷದಿಂದ ನಿವೃತ್ತಿಯವರೆಗೆ ಪ್ರತಿ ಸೆಪ್ಟೆಂಬರ್ 30ರಂದು ನಾವು ಪಾಠದ ಪುಸ್ತಕ ಮುಚ್ಚಿಸಿ, ಮಕ್ಕಳ ಕೈಗೆ ಅಳತೆಪಟ್ಟಿ ಕೊಟ್ಟು ಮನೆಗೆ ಕಳಿಸುತ್ತಿದ್ದೆವು. ಗೋಡೆ ಎಷ್ಟು ದಪ್ಪ, ಮಾಳಿಗೆಯ ಮಣ್ಣು ಎಷ್ಟು, ಅಡ್ಡಹಾಯುವ ಕಲ್ಲು ಇವೆಯೇ, ಜಂತಿಗಳು ಯಾವುದರ ಮೇಲೆ ನಿಂತಿವೆ, ಅಜ್ಜಿ ಎಲ್ಲಿ ಮಲಗುತ್ತಾಳೆ ಎಂಬುದನ್ನು ಬರೆದು ತರಬೇಕಿತ್ತು. ಕೆಲವು ತಂದೆತಾಯಿಗಳು ನಕ್ಕರು. ಕೆಲವರು ಮಾಳಿಗೆಯ ಮಣ್ಣು ಇಳಿಸಿದರು; ಹೆಚ್ಚಿನವರು ಅಜ್ಜಿಯ ಹಾಸಿಗೆಯನ್ನು ಕಂಬದ ಪಡಸಾಲೆಗೆ ತಂದರು. ಅಷ್ಟಾದರೂ ಆಯಿತು.

ಈ ಸಂಚಿಕೆ ತಲುಪಿದ ಮನೆಗಳಲ್ಲಿ ಯಾರಾದರೂ ಒಬ್ಬರು ಇಂದು ಸಂಜೆ ತಮ್ಮ ಮನೆಯ ಗೋಡೆಯನ್ನು ಒಮ್ಮೆ ಅಳೆದು ನೋಡಿದರೆ, ಆ ಹುಡುಗಿಯ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಕೊಟ್ಟಂತಾಗುವುದು.