ಬಲ್ಲ ರಾಗದ ಆಚೆಗೆ

ನಿಪ್ಪಾಣಿಯಿಂದ ಬಡಗಣಕ್ಕೆ ಹೊರಟರೆ ಕೊಲ್ಲಾಪುರ. ಕಾಗವಾಡದಿಂದ ಗಡಿ ದಾಟಿದರೆ ಮಿರಜ. ಚಿಕ್ಕೋಡಿ, ರಾಯಬಾಗ, ಅಥಣಿಗಳ ಜನಕ್ಕೆ ಇವೆರಡೂ ವ್ಯಾಪಾರದ, ಬೀಗತನದ ಊರುಗಳು. ಆದರೆ ಒಬ್ಬ ಕನ್ನಡ ಗಾಯಕನ ಬಾಳಿನಲ್ಲಿ ಇವು ಎರಡು ಪಾಠಶಾಲೆಗಳಾದುವು.

ಧಾರವಾಡದ ಬಳಿಯ ಮನ್ಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನರಿಗೆ ಗ್ವಾಲಿಯರ್ ಘರಾಣೆಯ ಖ್ಯಾಲು ಲಭಿಸಿದ್ದು ಮಿರಜದ ನೀಲಕಂಠ ಬುವಾ ಅವರಿಂದ. 1930ರ ದಶಕದಲ್ಲಿ ಗ್ರಾಮಾಫೋನ್ ತಟ್ಟೆಗಳು ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದುವು. ಬಲ್ಲ ರಾಗಗಳನ್ನೇ ಹಾಡುತ್ತ ಅವರು ಸುಖವಾಗಿರಬಹುದಿತ್ತು. ಹಾಗೆ ಮಾಡದೆ, ಹೆಸರು ಬಂದ ಮೇಲೆ ಮತ್ತೆ ಶಿಷ್ಯರಾಗಿ ಕುಳಿತರು.

ಕೊಲ್ಲಾಪುರದ ಆಸ್ಥಾನಗಾಯಕರಾಗಿದ್ದ ಅಲ್ಲಾದಿಯಾ ಖಾನರ ಮಗ ಮಂಜಿಖಾನರು ಅವರಿಗೆ ಜೈಪುರ-ಅತ್ರೌಲಿ ಪದ್ಧತಿಯನ್ನು ಕಲಿಸತೊಡಗಿದರು. 1937ರಲ್ಲಿ ಗುರುಗಳು ತೀರಿಕೊಂಡರು. ಪಾಠ ನಡುವೆಯೇ ನಿಂತಿತು. ಮಲ್ಲಿಕಾರ್ಜುನರು ಎದೆಗುಂದಲಿಲ್ಲ. ಮಂಜಿಖಾನರ ತಮ್ಮ, ಕೊಲ್ಲಾಪುರದ ಬುರ್ಜಿಖಾನರನ್ನು ಆಶ್ರಯಿಸಿದರು.

ಅಲ್ಲಿ ದೊರೆತದ್ದೇನು? ಬರಿಯ ಹೊಸ ಸ್ವರಪಟ್ಟಿಯಲ್ಲ. ಭೂಪಾಲಿಗೂ ದೇಶಕಾರಕ್ಕೂ ಇರುವ ಸ್ವರಗಳು ಅವೇ ಐದು: ಸ, ರಿ, ಗ, ಪ, ಧ. ಭೂಪಾಲಿ ಗಾಂಧಾರದಲ್ಲಿ ನೆಲೆ ನಿಲ್ಲುತ್ತದೆ; ದೇಶಕಾರಕ್ಕೆ ಧೈವತವೇ ಜೀವ. ಸ್ವರ ಅವೇ, ನಡೆ ಬೇರೆ. ಆದುದರಿಂದ ರಾಗವೂ ಬೇರೆ. ಜೈಪುರದವರ ಸಂಪೂರ್ಣ ಮಾಲಕಂಸವನ್ನು ನೋಡಿರಿ. ಐದು ಸ್ವರದ ಮಾಲಕಂಸಕ್ಕೆ ರಿಷಭ, ಪಂಚಮಗಳು ಸೇರುತ್ತವೆ. ಆದರೂ ಮಾಲಕಂಸದ ಮುಖ ಮಾಸಕೂಡದು. ಬಸಂತಿ ಕೇದಾರದಲ್ಲಿ ಬಸಂತ, ಕೇದಾರಗಳೆರಡೂ ಕೂಡುತ್ತವೆ. ಬೆಸುಗೆ ಮಾತ್ರ ಕೇಳಿಸಬಾರದು. ಇಂಥ ರಾಗದಲ್ಲಿ ರೂಢಿಯ ತಾನು ಸಾಗದು. ಕೈಗೆ ಬಂದ ಮೆಟ್ಟಿಲನ್ನು ಬಿಟ್ಟು, ಹೆಜ್ಜೆ ಹೆಜ್ಜೆಗೂ ಹೊಸದಾಗಿ ಯೋಚಿಸಬೇಕು.

ಮನೋಧರ್ಮವೆಂದರೆ ಮನಬಂದಂತೆ ಹಾಡುವುದೆಂದು ಕೆಲವರು ತಿಳಿದಿದ್ದಾರೆ. ಮಲ್ಲಿಕಾರ್ಜುನರ ಬಾಳು ಹೇಳುವುದು ಬೇರೆ: ಕಟ್ಟು ಬಿಗಿಯಾದಷ್ಟೂ ಅವರ ಕಲ್ಪನೆ ವಿಸ್ತರಿಸಿತು. ಮುಂದೆ ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರೂ ಆದ ಅವರು 1992ರಲ್ಲಿ ತೀರಿಕೊಂಡರು.

ವಾಚಕರೇ, ನಿಮ್ಮ ಮನೆಯ ಮಕ್ಕಳು ಹಾರ್ಮೋನಿಯಂ ಆಗಲಿ ಗಿಟಾರ್ ಆಗಲಿ ಹಿಡಿದು ಅದೇ ಆರೋಹಣ ಅವರೋಹಣಗಳಲ್ಲಿ ಸುತ್ತುತ್ತಿದ್ದರೆ, ಹೊಸ ಸ್ವರ ಹುಡುಕಿರೆಂದು ಅವಸರಪಡಿಸಬೇಡಿರಿ. ಬಲ್ಲ ರಾಗ ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ ಎಂದು ಮೊದಲು ಕೇಳಿಸಿರಿ. ಆಚೆಯ ದಾರಿ ಅಲ್ಲಿಂದಲೇ ಹೊರಡುತ್ತದೆ.