ಕಿವಿಯ ಬಾಗಿಲಲ್ಲಿ ನಿಂತ ಯಂತ್ರ

ರೇಡಿಯೋ ಹಾಡುತ್ತಿರುವಾಗ ಮನೆಯ ಹಿರಿಯರೊಬ್ಬರು ಮುಂದಕ್ಕೆ ಬಾಗಿ, ಅಂಗೈಯನ್ನು ಬಟ್ಟಲಿನಂತೆ ಮಾಡಿ ಕಿವಿಯ ಹಿಂದೆ ಹಿಡಿದು ಕುಳಿತಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮನುಷ್ಯನ ಮೊಟ್ಟಮೊದಲನೆಯ ಶ್ರವಣಯಂತ್ರವೆಂದರೆ ಈ ಅಂಗೈಯೇ. ಅದಕ್ಕೆ ಬೆಲೆಯಿಲ್ಲ, ಬ್ಯಾಟರಿ ಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದರಿಂದ ಯಾರ ಕಿವಿಗೂ ಗಾಯವಾಗುವಂತಿಲ್ಲ. ಅದು ಕಿವಿಯ ಹೊರಗೇ ನಿಲ್ಲುತ್ತದೆ.

ಅಂಗೈಯಿಂದ ಕೊಳವೆಗೆ, ಕೊಳವೆಯಿಂದ ವಿದ್ಯುದ್ಯಂತ್ರಕ್ಕೆ ಬಂದ ಕಥೆಯನ್ನು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಮುಗಿಸುವುದುಂಟು: ಸದ್ದು ಜೋರಾಯಿತು, ಯಂತ್ರ ಚಿಕ್ಕದಾಯಿತು. ಮಾತು ನಿಜವೇ, ಆದರೆ ಪೂರ್ತಿ ನಿಜವಲ್ಲ. ಯಂತ್ರ ಚಿಕ್ಕದಾದಷ್ಟೂ ಕಿವಿಯ ಒಳಕ್ಕೆ ಸರಿಯಿತು. ಅದು ಸರಿದಷ್ಟೂ ಅಪಾಯವೂ ಅದರ ಬೆನ್ನಿಗೇ ಒಳಕ್ಕೆ ಬಂದಿತು. ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಈ ಪುಟ್ಟ ಯಂತ್ರ ಕಲಿತುಕೊಂಡುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಮೊದಲು ದಾರಿಯನ್ನು ನೋಡೋಣ. ಹೊರಗಿವಿಯಿಂದ ಕಿವಿತಮಟೆಯವರೆಗಿನ ನಾಳದ ಉದ್ದ ದೊಡ್ಡವರಲ್ಲಿ ಸುಮಾರು ೨೫ ಮಿಲಿಮೀಟರು, ಎಂದರೆ ಒಂದು ಅಂಗುಲ. ಇದು ನೇರವಾದ ಕೊಳವೆಯಲ್ಲ; ಎರಡು ಕಡೆ ಬಾಗಿದೆ. ಹೊರಗಿನ ಮೂರನೆಯ ಒಂದು ಭಾಗ ಮೃದ್ವಸ್ಥಿಯದು. ಅದು ಮೆತ್ತಗಿದ್ದು, ನಾವು ಮಾತನಾಡುವಾಗಲೂ ಅಗಿಯುವಾಗಲೂ ದವಡೆಯೊಡನೆ ಅಲುಗುತ್ತದೆ. ಮೇಣ ಹುಟ್ಟುವುದೂ ಅಲ್ಲಿಯೇ. ಒಳಗಿನ ಎರಡು ಭಾಗ ಮೂಳೆಯದು. ಅಲ್ಲಿ ಮೂಳೆಯ ಮೇಲೆ ತೆಳುವಾದ ಚರ್ಮವಲ್ಲದೆ ಬೇರೆ ಮೆತ್ತೆಯಿಲ್ಲ. ಸ್ವಲ್ಪ ತಗುಲಿದರೂ ನೋವು. ನಾಳದ ಒಳಗೆ ಏನಾದರೂ ಸೋಕಿದರೆ ಕೆಲವರಿಗೆ ಕೆಮ್ಮು ಬರುವುದುಂಟು, ಏಕೆಂದರೆ ಗಂಟಲಿಗೆ ಹೋಗುವ ನರದ ಕವಲೊಂದು ಇಲ್ಲಿಯೂ ಹಬ್ಬಿದೆ. ಕೊನೆಯಲ್ಲಿರುವ ತಮಟೆಯ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು.

ಹಳೆಯ ಕಾಲದ ಕೇಳುಗೊಳವೆಗಳು ಈ ದಾರಿಯೊಳಕ್ಕೆ ಕಾಲಿಡಲಿಲ್ಲ. ಲಂಡನ್ನಿನಲ್ಲಿ ಎಫ್. ಸಿ. ರೈನ್ ಎಂಬಾತ ೧೮೦೦ರ ಸುಮಾರಿಗೆ ಅವನ್ನು ವ್ಯಾಪಾರಕ್ಕಾಗಿ ತಯಾರಿಸತೊಡಗಿದನು. ಸಂಗೀತಗಾರ ಬೇಥೋವನ್ನನಿಗಾಗಿ ಮೆಲ್ಟ್ಸೆಲ್ ಎಂಬ ಕುಶಲಕರ್ಮಿ ಮಾಡಿಕೊಟ್ಟ ಕೊಳವೆಗಳನ್ನು ಬಾನ್ ನಗರದಲ್ಲಿರುವ ಆತನ ಜನ್ಮಗೃಹದಲ್ಲಿ ಇಂದಿಗೂ ನೋಡಬಹುದು. ಚಾಡಿಮಾತನ್ನು ನಂಬುವವರದು ಹಿತ್ತಾಳೆ ಕಿವಿಯೆಂದು ನಾವು ಹಾಸ್ಯ ಮಾಡುತ್ತೇವೆ. ಅಲ್ಲಿ ನಿಜವಾಗಿಯೂ ಹಿತ್ತಾಳೆಯ ಕಿವಿಗಳು ಅಂಗಡಿಯಲ್ಲಿ ದೊರೆಯುತ್ತಿದ್ದವು! ಅವುಗಳ ಬಾಯಿ ಅಗಲ. ಕಿವಿಗೆ ತಗುಲುವ ತುದಿಗೆ ದಂತದ ಇಲ್ಲವೆ ಗಟ್ಟಿ ರಬ್ಬರಿನ ಉರುಟಾದ ಗುಬುಟು. ನಾಳದ ಬಾಯಿಗಿಂತ ದಪ್ಪವಾಗಿದ್ದುದರಿಂದ ಅದು ಒಳಕ್ಕೆ ಜಾರುವ ಭಯವಿರಲಿಲ್ಲ. ಕೈ ದಣಿದರೆ ಕೊಳವೆಯನ್ನು ಕೆಳಗಿಡಬಹುದಾಗಿತ್ತು.

ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ೧೮೯೮ರ ಸುಮಾರಿಗೆ ಟೆಲಿಫೋನಿನ ತತ್ತ್ವವನ್ನು ಅನುಸರಿಸಿ ವಿದ್ಯುತ್ತಿನ ಶ್ರವಣಯಂತ್ರವನ್ನು ರೂಪಿಸಿದನು. ಇಂಗ್ಲೆಂಡಿನ ರಾಣಿ ಅಲೆಕ್ಸಾಂಡ್ರಾ ೧೯೦೨ರ ಪಟ್ಟಾಭಿಷೇಕದಲ್ಲಿ ಅವನ ಯಂತ್ರವನ್ನು ಬಳಸಿದಳೆಂದು ಪ್ರಸಿದ್ಧಿ. ಅದೂ ಕಿವಿಯ ಮೇಲೆ ಒತ್ತಿ ಹಿಡಿಯುವ ಬಗೆಯದೇ. ಮುಂದೆ ರೇಡಿಯೋವಿನಂತೆ ಇದಕ್ಕೂ ವಾಲ್ವುಗಳು ಬಂದವು. ೧೯೩೦ರ ದಶಕದ ಕೊನೆಯ ವೇಳೆಗೆ ವಾಲ್ವಿನ ಯಂತ್ರವನ್ನು ಮೈಮೇಲೆ ಧರಿಸಿ ತಿರುಗುವಂತಾಯಿತು. ಯಂತ್ರವು ಎದೆಯ ಮೇಲೆ, ಬ್ಯಾಟರಿ ಜೇಬಿನಲ್ಲಿ, ತಂತಿಯೊಂದು ಕಿವಿಗೆ. ವಾಲ್ವನ್ನು ಕಾಯಿಸಲು ಒಂದು ಬ್ಯಾಟರಿಯಾದರೆ, ಸದ್ದನ್ನು ಹೆಚ್ಚಿಸಲು ೨೨ರಿಂದ ೪೫ ವೋಲ್ಟಿನ ಇನ್ನೊಂದು. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ೧೯೪೮ರ ಜುಲೈ ೫ರಂದು ಆರಂಭವಾದಾಗ ಜನರಿಗೆ ಉಚಿತವಾಗಿ ದೊರೆತ ‘ಮೆಡ್ರೆಸ್ಕೊ’ ಯಂತ್ರವೂ ಇಂತಹುದೇ.

ಕೈಯಿಂದ ಹಿಡಿಯುವ ಕಷ್ಟ ತಪ್ಪಿದ ಮೇಲೆ, ಸದ್ದು ಕೊಡುವ ಗುಂಡಿಯನ್ನು ಕಿವಿಯಲ್ಲಿ ನಿಲ್ಲಿಸುವುದು ಹೇಗೆ? ಇದಕ್ಕೆ ಉತ್ತರವಾಗಿ ಬಂದುದು ಕಿವಿಯಚ್ಚು. ಒಬ್ಬರ ಕಿವಿ ಇನ್ನೊಬ್ಬರದರಂತಿಲ್ಲ. ಒಬ್ಬರ ಎಡಗಿವಿಯೇ ಬಲಗಿವಿಯಂತಿಲ್ಲ. ಆದುದರಿಂದ ಪ್ರತಿಯೊಬ್ಬರ ಕಿವಿಗೂ ಬೇರೆಬೇರೆಯಾಗಿ ಅಚ್ಚು ತೆಗೆಯಬೇಕು. ಹಲ್ಲಿನ ವೈದ್ಯರು ದಂತಪಂಕ್ತಿಗೆ ಬಳಸುತ್ತಿದ್ದ ಗಟ್ಟಿ ರಬ್ಬರು, ಆಮೇಲೆ ಅಕ್ರಿಲಿಕ್ ಪ್ಲಾಸ್ಟಿಕ್ಕು, ಎರಡೂ ಹೀಗೆಯೇ ಬಾಯಿಯಿಂದ ಕಿವಿಗೆ ಬಂದವು. ಅಕ್ರಿಲಿಕ್ಕು ಸರಿಯಾಗಿ ಪಕ್ವವಾಗದೆ ಉಳಿದರೆ ಚರ್ಮವು ಕೆರಳುತ್ತದೆ. ಅಂಚು ಚೂಪಾಗಿದ್ದರೆ ಹುಣ್ಣಾಗುತ್ತದೆ. ನಾಳವನ್ನು ಪೂರ್ತಿ ಮುಚ್ಚಿದರೆ ಬೆವರು ನಿಂತು ಸೋಂಕಿಗೆ ಎಡೆಯಾಗುತ್ತದೆ. ನಮ್ಮ ಕರಾವಳಿಯಂತಹ ಸೆಕೆಯ ನಾಡಿನಲ್ಲಿ ಈ ಕೊನೆಯ ತೊಂದರೆ ಅಲ್ಪವಾದುದಲ್ಲ. ಪೂರ್ತಿ ಪಕ್ವಮಾಡಿದ ವಸ್ತು, ಉಜ್ಜಿ ನಯಗೊಳಿಸಿದ ಅಂಚು, ಗಾಳಿಯಾಡಲು ಸಣ್ಣದೊಂದು ರಂಧ್ರ — ಈ ಮೂರು ನಿಯಮಗಳು ಹುಟ್ಟಿದುದು ಇಂತಹ ಅನುಭವದಿಂದಲೇ.

ಅಚ್ಚು ತೆಗೆಯುವ ಕೆಲಸದಲ್ಲಿಯೇ ಇನ್ನೊಂದು ಅಪಾಯವಿದೆ. ಹಿಟ್ಟಿನಂತಿರುವ ವಸ್ತುವನ್ನು ಕಿವಿಯೊಳಗೆ ತುಂಬಿ, ಅದು ಗಟ್ಟಿಯಾದ ಮೇಲೆ ಹೊರಕ್ಕೆ ತೆಗೆಯಬೇಕಷ್ಟೆ? ಅದು ತಮಟೆಯವರೆಗೆ ಹರಿದರೆ ಗತಿಯೇನು? ತಮಟೆಯಲ್ಲಿ ಮೊದಲೇ ತೂತಿದ್ದರೆ ಆ ವಸ್ತು ನಡುಗಿವಿಗೇ ಇಳಿದು, ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾದ ಪ್ರಸಂಗಗಳು ವೈದ್ಯರ ಬರಹಗಳಲ್ಲಿ ದಾಖಲೆಯಾಗಿವೆ. ಇದನ್ನು ತಡೆಯುವ ಉಪಾಯ ಬಹಳ ಸರಳ. ಮೊದಲು ದೀಪ ಹಿಡಿದು ಕಿವಿಯನ್ನು ಪರೀಕ್ಷಿಸುವುದು. ಅನಂತರ ದಾರ ಕಟ್ಟಿದ ಹತ್ತಿಯ ಇಲ್ಲವೆ ಸ್ಪಂಜಿನ ಸಣ್ಣ ಉಂಡೆಯೊಂದನ್ನು ನಾಳದ ಎರಡನೆಯ ಬಾಗಿನಾಚೆಗೆ ಇರಿಸುವುದು. ಆಮೇಲಷ್ಟೇ ವಸ್ತುವನ್ನು ತುಂಬುವುದು. ಹೊಲಕ್ಕೆ ಬದು ಹೇಗೋ ಇಲ್ಲಿ ಈ ಹತ್ತಿಯುಂಡೆ ಹಾಗೆ. ಕೆಲಸ ಮುಗಿದ ಮೇಲೆ ದಾರ ಎಳೆದರೆ ಎಲ್ಲವೂ ಒಟ್ಟಿಗೆ ಹೊರಬರುತ್ತದೆ.

೧೯೪೭ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಕಿವುಡರ ಶಿಕ್ಷಕನಾಗಿದ್ದ ಗ್ರಹಾಂ ಬೆಲ್ಲನ ನೆನಪಿಗಾಗಿ, ಶ್ರವಣಯಂತ್ರ ಮಾಡುವವರಿಂದ ಆ ಸಂಸ್ಥೆ ರಾಯಧನವನ್ನು ಪಡೆಯಲಿಲ್ಲ. ೧೯೫೨ರ ಕೊನೆಗೆ ಟ್ರಾನ್ಸಿಸ್ಟರಿದ್ದ ಮೊದಲ ಯಂತ್ರ ಮಾರಾಟಕ್ಕೆ ಬಂದಿತು. ಎಂದರೆ ಟ್ರಾನ್ಸಿಸ್ಟರು ನಮ್ಮ ಮನೆಯ ರೇಡಿಯೋವನ್ನು ಸೇರುವುದಕ್ಕೆ ಮೊದಲೇ ಕಿವುಡರ ಕಿವಿಯನ್ನು ಸೇರಿತು. ಹೆಚ್ಚು ವೋಲ್ಟಿನ ಬ್ಯಾಟರಿ ಮಾಯವಾಯಿತು. ಎದೆಯ ಮೇಲಿದ್ದ ಪೆಟ್ಟಿಗೆ ಕನ್ನಡಕದ ಕಡ್ಡಿಗೆ ಏರಿತು, ಅಲ್ಲಿಂದ ಕಿವಿಯ ಹಿಂದಕ್ಕೆ, ೧೯೫೦ರ ದಶಕ ಮುಗಿಯುವ ವೇಳೆಗೆ ಕಿವಿಯೊಳಕ್ಕೇ ಇಳಿಯಿತು.

ಈಗ ಎರಡು ಹೊಸ ಪ್ರಶ್ನೆಗಳು ಎದ್ದವು. ಒಂದು, ಸದ್ದಿನದು. ತಮಟೆಯ ಸಮೀಪದಲ್ಲಿ ಅತಿ ಜೋರಾದ ಸದ್ದನ್ನು ಬಿಟ್ಟರೆ, ಉಳಿದಿರುವ ಅಷ್ಟಿಷ್ಟು ಶ್ರವಣಶಕ್ತಿಯೂ ಹೋದೀತು. ಮದ್ದೇ ರೋಗವಾಗಬಾರದಷ್ಟೆ! ಆದುದರಿಂದ ಎಷ್ಟೇ ಗದ್ದಲವಾದರೂ ಒಂದು ಮಿತಿಯನ್ನು ಸದ್ದು ಮೀರದಂತೆ ತಡೆಯುವ ಏರ್ಪಾಡು ಯಂತ್ರದೊಳಗೇ ಸೇರಿತು. ೧೩೨ ಡೆಸಿಬೆಲ್ಲಿಗಿಂತ ಹೆಚ್ಚಿನ ಸದ್ದು ಕೊಡಬಲ್ಲ ಯಂತ್ರದೊಡನೆ ಎಚ್ಚರಿಕೆಯ ಮಾತು ಇರಲೇಬೇಕೆಂದು ಅಮೆರಿಕದ ಸರ್ಕಾರ ೧೯೭೭ರಲ್ಲಿ ನಿಯಮ ಮಾಡಿತು.

ಎರಡನೆಯದು ಬ್ಯಾಟರಿಯದು. ಯಂತ್ರ ಚಿಕ್ಕದಾದಂತೆ ಬ್ಯಾಟರಿ ಅಂಗಿಯ ಗುಂಡಿಯಷ್ಟಾಯಿತು; ಅತಿ ಚಿಕ್ಕವುಗಳ ಅಗಲ ಆರು ಮಿಲಿಮೀಟರಿಗೂ ಕಡಮೆ. ಅದು ಮಗುವಿನ ಮೂಗಿನೊಳಗೆ ಹಿಡಿಸುತ್ತದೆ, ಕಿವಿಯೊಳಗೂ ಹಿಡಿಸುತ್ತದೆ. ದೇಹದ ಪಸೆ ತಗುಲಿದೊಡನೆ ಬ್ಯಾಟರಿಯಿಂದ ವಿದ್ಯುತ್ತು ಹರಿದು, ಅದರ ಋಣಧ್ರುವದ ಬಳಿ ತೀಕ್ಷ್ಣವಾದ ಕ್ಷಾರ ಹುಟ್ಟುತ್ತದೆ. ಸುಣ್ಣದಂತೆ ಅದು ಮಾಂಸವನ್ನು ಸುಡುತ್ತದೆ. ಅಮೆರಿಕದಲ್ಲಿ ಬ್ಯಾಟರಿ ನುಂಗಿದ ೨,೩೮೨ ಪ್ರಕರಣಗಳನ್ನು ಪರಿಶೀಲಿಸಿದ ಅಧ್ಯಯನವೊಂದು ೧೯೯೨ರಲ್ಲಿ ಪ್ರಕಟವಾಯಿತು. ನುಂಗಿದ ಬ್ಯಾಟರಿಗಳಲ್ಲಿ ಬೇರೆಲ್ಲ ಬಗೆಯವಕ್ಕಿಂತ ದೊಡ್ಡ ಪಾಲು ಶ್ರವಣಯಂತ್ರದವುಗಳದು ಎಂದು ಅದರಿಂದ ತಿಳಿಯಿತು. ಮಕ್ಕಳಲ್ಲಿ ಕೆಲವರು ತಮ್ಮ ಯಂತ್ರದಿಂದಲೇ ಕಿತ್ತು ನುಂಗಿದ್ದರು. ದೊಡ್ಡವರಲ್ಲಿ ಮಾತ್ರೆಯೆಂದು ಭ್ರಮಿಸಿ ನುಂಗಿದವರೂ ಇದ್ದರು. ಸಲಕರಣೆಯಿಲ್ಲದೆ ಬರಿಯ ಬೆರಳಿನಿಂದ ತೆರೆಯಲಾಗದ ಬ್ಯಾಟರಿಯ ಬಾಗಿಲು ಮಕ್ಕಳ ಯಂತ್ರಗಳಿಗೆ ಬಂದುದು ಈ ಕಾರಣದಿಂದಲೇ. ಮರುಪೂರಣ ಮಾಡುವ, ಹೊರತೆಗೆಯಲಾಗದ ಬ್ಯಾಟರಿಗಳು ಈಚೆಗೆ ಹೆಚ್ಚಾಗಿರುವುದೂ ಒಂದು ಸಮಾಧಾನ.

ಇನ್ನು ಕೊನೆಯ ಹೆಜ್ಜೆ. ವೈದ್ಯರ ಚೀಟಿಯಿಲ್ಲದೆ, ಅಚ್ಚು ತೆಗೆಸದೆ, ಅಂಗಡಿಯಿಂದಲೇ ಶ್ರವಣಯಂತ್ರವನ್ನು ಕೊಳ್ಳಲು ಅಮೆರಿಕವು ೨೦೨೨ರ ಅಕ್ಟೋಬರಿನಲ್ಲಿ ಅವಕಾಶ ಮಾಡಿತು. ಕೈಯಲ್ಲಿ ದೀಪ ಹಿಡಿದು ನೋಡುವವರಿಲ್ಲದ ಕಡೆ ಯಂತ್ರದ ಆಕಾರವೇ ಕಾವಲುಗಾರನಾಗಬೇಕು. ಆದುದರಿಂದ ಆ ನಿಯಮದಲ್ಲಿ ಒಂದು ಅಳತೆ ಸೇರಿತು: ಯಂತ್ರದ ಅತ್ಯಂತ ಒಳಗಿನ ತುದಿ ತಮಟೆಯಿಂದ ೧೦ ಮಿಲಿಮೀಟರಿನಷ್ಟಾದರೂ ದೂರದಲ್ಲಿ ನಿಲ್ಲುವಂತೆ ಅದನ್ನು ರೂಪಿಸಿರಬೇಕು, ತುದಿಯ ವಸ್ತು ಗಾಯಮಾಡದಂತಹುದಾಗಿರಬೇಕು. ಒಂದು ಅಂಗುಲದ ದಾರಿಯಲ್ಲಿ ಇಷ್ಟು ಜಾಗವನ್ನು ಯಾರೂ ಮುಟ್ಟದಂತೆ ಕಾನೂನೇ ಕಾಯ್ದಿರಿಸಿತು.

ನಮ್ಮಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ೧೯೬೦ರ ದಶಕದಿಂದ ಈ ಕೆಲಸವನ್ನು ನಡೆಸಿಕೊಂಡು ಬಂದಿದೆ. ಶ್ರವಣಪರೀಕ್ಷೆಯೂ ಕಿವಿಯಚ್ಚಿನ ತಯಾರಿಕೆಯೂ ಅಲ್ಲಿ ನಡೆಯುತ್ತವೆ. ಆದರೆ ಯಂತ್ರ ಮನೆಗೆ ಬಂದ ಮೇಲಿನ ಕಾವಲು ಮನೆಯವರದೇ. ಅಚ್ಚು ಒತ್ತುತ್ತಿದ್ದರೆ ‘ಅಭ್ಯಾಸವಾಗುತ್ತದೆ’ ಎಂದು ಸುಮ್ಮನಿರದೆ ಮರಳಿ ತೋರಿಸಬೇಕು. ರಬ್ಬರಿನ ಟೋಪಿಯಿರುವ ಯಂತ್ರವಾದರೆ, ರಾತ್ರಿ ತೆಗೆದಿಡುವಾಗ ಟೋಪಿ ಅದರ ತುದಿಯಲ್ಲಿಯೇ ಇದೆಯೆ, ಕಿವಿಯಲ್ಲಿ ಉಳಿಯಿತೆ ಎಂದು ನೋಡಬೇಕು. ಹಳೆಯ ಬ್ಯಾಟರಿಯನ್ನು ಮಾತ್ರೆಯ ಡಬ್ಬಿಯ ಪಕ್ಕದಲ್ಲಿ ಇಡಲೇಬಾರದು. ಮಗುವಿನ ಕಿವಿಯಲ್ಲೋ ಮೂಗಿನಲ್ಲೋ ಬ್ಯಾಟರಿ ಸಿಕ್ಕಿಕೊಂಡರೆ ಮನೆಯ ವಾಡಿಕೆಯಂತೆ ಎಣ್ಣೆ, ನೀರು, ಔಷಧದ ತೊಟ್ಟು ಯಾವುದನ್ನೂ ಬಿಡದೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಒಂದೆರಡು ಗಂಟೆಯೂ ದೊಡ್ಡದೇ.

ಕಿವಿಯ ಹಿಂದೆ ಅಂಗೈ ಹಿಡಿದ ಹಿರಿಯರನ್ನು ಇನ್ನೊಮ್ಮೆ ನೆನೆಯೋಣ. ಅವರಿಗೆ ಬೇಕಾದುದು ಮನೆಯವರ ಮಾತು, ರೇಡಿಯೋದ ಹಾಡು. ಅದನ್ನು ತಂದುಕೊಡುವ ಯಂತ್ರ ಒಳ್ಳೆಯ ಅತಿಥಿಯಂತಿರಬೇಕು: ಮನೆಯೊಳಗೆ ಬರಲಿ, ನಡುಮನೆಯಲ್ಲಿ ಕುಳಿತು ಹೇಳಬೇಕಾದುದನ್ನು ಹೇಳಲಿ; ದೇವರ ಕೋಣೆಯ ಹೊಸ್ತಿಲನ್ನು ಮಾತ್ರ ದಾಟದಿರಲಿ.