ಲೂಪಸ್ ಮತ್ತು ರೇನೋ ವಿದ್ಯಮಾನ
ರೇನೋ ವಿದ್ಯಮಾನವು ಚಳಿ ಅಥವಾ ಮಾನಸಿಕ ಒತ್ತಡದಿಂದ ಬೆರಳುಗಳ ಕಿರು ಅಪಧಮನಿಗಳು ಸಂಕುಚಿಸಿ, ರಕ್ತಸಂಚಾರ ತಾತ್ಕಾಲಿಕವಾಗಿ ಕುಗ್ಗುವ ಸ್ಥಿತಿ. ಫ್ರಾನ್ಸಿನ ವೈದ್ಯ ಮೊರಿಸ್ ರೇನೋ 1862ರಲ್ಲಿ ಇದನ್ನು ವಿವರಿಸಿದರು. ಲೂಪಸ್ ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಲೂಪಸ್ ಪತ್ತೆಯಾಗುವುದಕ್ಕೆ ವರ್ಷಗಳ ಮೊದಲೇ.

ಬೆರಳು ಮೊದಲು ಬಿಳಿಚಿ, ನಂತರ ನೀಲಿಗಟ್ಟಿ, ರಕ್ತ ಮರಳಿದಾಗ ಕೆಂಪಾಗುತ್ತದೆ. ಕಂದು ಮೈಬಣ್ಣದವರಲ್ಲಿ ಈ ಬದಲಾವಣೆ ಸುಲಭವಾಗಿ ಗೋಚರಿಸದು; ಜೋಮು, ನೋವುಗಳೇ ಸುಳಿವು. ದಾವಣಗೆರೆಯಂತಹ ಬಯಲುಸೀಮೆಯ ಊರಿನಲ್ಲಿಯೂ ಮಾಗಿಯ ಮುಂಜಾನೆಯ ತಣ್ಣೀರು ಅಥವಾ ಹವಾನಿಯಂತ್ರಿತ ಕೊಠಡಿ ಇದನ್ನು ಕೆರಳಿಸಲು ಸಾಕು.

ಕೈಗಳನ್ನಷ್ಟೇ ಅಲ್ಲದೆ ಮೈಯನ್ನೂ ಬೆಚ್ಚಗಿಡುವುದು, ಧೂಮಪಾನ ತೊರೆಯುವುದು ಮೊದಲ ಉಪಾಯ. ಸಾಲದಾದರೆ ವೈದ್ಯರು ನಿಫೆಡಿಪಿನ್‌ನಂತಹ ಔಷಧ ನೀಡುತ್ತಾರೆ. ಬೆರಳ ತುದಿಯಲ್ಲಿ ಹುಣ್ಣಾದರೆ, ಅಥವಾ ಬೆರಳು ಕಪ್ಪಾಗಿಯೇ ಉಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು: ಲೂಪಸ್‌ನಲ್ಲಿ ರಕ್ತನಾಳದ ಉರಿಯೂತ ಅಥವಾ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳಿಂದ ರಕ್ತ ಹೆಪ್ಪುಗಟ್ಟುವುದೂ ಇದಕ್ಕೆ ಕಾರಣವಾಗಿರಬಹುದು.